ಅವಳ ಉತ್ತರ, ನನ್ನ ಅಕ್ಷರ

ಕಣ್ಣು ಕಾಣದವರೆಲ್ಲ ಸಾಧುಗಳು ಎಂದು ನಂಬಿದವರನ್ನು ನನ್ನ ಗೆಳತಿಯ ಜೊತೆ ಒಂದು ದಿನ ಉಳ್ಳಾಲದ ಬಸ್ಸಿಗೆ ಹತ್ತಿಸಬೇಕಿತ್ತು. "ದುಂಬು ಪೋಲೆ, ದುಂಬು ಪೋಲೆ" ಎಂದು ಎಲ್ಲರನ್ನೂ ಮುಂದಕ್ಕೆ ದೂಡುವ ಕಂಡಕ್ಟರಿಗೆ ಅವಳು "ಮುಂದೆ ಎಂತ ಉಂಟು ಅಣ್ಣಾ, ಡ್ರೈವರನ ಮಡಿಲಾ?" ಎಂದು ಕೇಳುತ್ತಿದ್ದಳು. ಸೀಟು ಬಿಟ್ಟುಕೊಟ್ಟವರ ಬಾಯಿಂದ "ಪಾಪ" ಎಂಬ ಮಾತು ಬಂದರೆ ಮುಗಿಯಿತು, "ಪಾಪ ಬೇಡ, ಸೀಟು ಸಾಕು" ಎಂದುಬಿಡುತ್ತಿದ್ದಳು. ನನ್ನನ್ನೂ ಬಿಟ್ಟವಳಲ್ಲ. ಒಮ್ಮೆ ನಾನು ಪರೀಕ್ಷೆಗೆಂದು ಬರೆದ ಉತ್ತರವೊಂದನ್ನು ಓದಿಸಿ ಕೇಳಿ, "ನಿಂದು ಪಂಚಾಯತ್ ಬೋರ್ಡಿನ ಹಾಗೆ ಉಂಟು ಮಾರಾಯ್ತಿ. ಎಲ್ಲ ಸರಿ ಉಂಟು, ಯಾರೂ ನಿಂತು ಓದುವುದಿಲ್ಲ" ಎಂದಿದ್ದಳು. ಅವಳು ಹೇಳಿದ್ದು ನಿಜ. ನಿಜವಾದ್ದರಿಂದಲೇ ಅದನ್ನು ಇವತ್ತಿನವರೆಗೂ ಮರೆತಿಲ್ಲ.

ನಾನು ಮಂಗಳೂರಿನ ಜೆಪ್ಪುವಿನವಳು. ಮನೆಯಲ್ಲಿ ತುಳು, ಅಪ್ಪನದು ಫ್ರಿಜ್ ರಿಪೇರಿಯ ಕೆಲಸ. ಅವಳು ಉಳ್ಳಾಲದ, ಬ್ಯಾರಿ ಮಾತಾಡುವ ಮುಸ್ಲಿಂ ಮನೆಯವಳು, ತಂದೆಗೆ ಚಪ್ಪಲಿ ಅಂಗಡಿ, ಅಣ್ಣ ಗಲ್ಫಿನಲ್ಲಿ. ಪಿಯುಸಿ ಮುಗಿಯುವಷ್ಟರಲ್ಲಿ ಅವಳ ಎರಡೂ ಕಣ್ಣು ಪೂರ್ತಿ ಹೋಗಿದ್ದವು. ನಮ್ಮ ಪರಿಚಯವಾದದ್ದು ಪಂಪ್‌ವೆಲ್ ಹತ್ತಿರದ ಒಂದು ಕೋಚಿಂಗ್ ಸೆಂಟರಿನಲ್ಲಿ. ಕೆಳಗೆ ಬ್ಯಾಟರಿ ಅಂಗಡಿ, ಮೇಲೆ ನಾವು, ಕಿಟಕಿಯ ಆಚೆ ಫ್ಲೈಓವರ್. ದೊಡ್ಡ ಲಾರಿ ಹೋದಾಗಲೆಲ್ಲ ಸರ್ ಪಾಠ ನಿಲ್ಲಿಸಿ ಸುಮ್ಮನೆ ನಿಲ್ಲುತ್ತಿದ್ದರು. ಆ ಗ್ಯಾಪಿನಲ್ಲಿ ಅವಳು ನನ್ನ ಕಿವಿಯಲ್ಲಿ ಹೇಳುವ ಮಾತುಗಳಿಗೆ ನಗು ತಡೆಯುವುದೇ ಕಷ್ಟವಾಗುತ್ತಿತ್ತು. ನಾನು ಅವಳನ್ನು ಇಷ್ಟಪಟ್ಟಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ನಂಬುವವರಿಲ್ಲ.

ಆ ವರ್ಷ ರಾಜ್ಯದ ಆಡಳಿತ ಸೇವೆಯ ಪ್ರಿಲಿಮ್ಸ್ ಇಬ್ಬರೂ ಬರೆದೆವು. ಅವಳು ಪಾಸಾದಳು, ನಾನು ಆಗಲಿಲ್ಲ. ಮನೆಯ ಹಿಂದೆ ಕುಳಿತು ಬೂತಾಯಿ ಮೀನಿನ ತಲೆ ತೆಗೆಯುತ್ತಿದ್ದ ಅಮ್ಮ ತನ್ನ ತಲೆ ಎತ್ತದೆಯೇ ತುಳುವಿನಲ್ಲಿ ಕೇಳಿದಳು: ಕಣ್ಣು ಕಾಣದವಳು ಪಾಸ್, ಎರಡು ಕಣ್ಣು ಇದ್ದು ನಿನಗೆ ಎಂತ ರೋಗ?

"ಅವಳಿಗೆ ಮೀಸಲಾತಿ ಉಂಟಮ್ಮ" ಎಂದೆ.

ಅಮ್ಮನಿಗೆ ಅಷ್ಟು ಸಾಕಾಯಿತು. ಅಕ್ಕಪಕ್ಕದ ಮನೆಗಳಿಗೂ ಅದನ್ನೇ ಹೇಳಿದಳು. ಆದರೆ ಮೀಸಲಾತಿ ಇಲ್ಲದಿದ್ದರೂ ಪಾಸಾಗುವಷ್ಟು ಅಂಕ ಅವಳಿಗೆ ಬಂದಿತ್ತು. ಅಚ್ಚು ಮಸುಕಾಗಿ ಅವಳ ಫೋನಿಗೆ ಓದಲು ಬಾರದ ಆ ಅಂಕಪಟ್ಟಿಯನ್ನು ಅವಳಿಗೆ ಓದಿ ಹೇಳಿದವಳೇ ನಾನು. ಅಮ್ಮನಿಗೆ ಮಾತ್ರ ಹೇಳಲಿಲ್ಲ.

ಮುಂದಿನ ಹಂತ ಮೇನ್ಸ್. ಪುಟಗಟ್ಟಲೆ ಬರೆಯಬೇಕಾದ ಪರೀಕ್ಷೆ. ಕಣ್ಣು ಕಾಣದವರು ಬಾಯಲ್ಲಿ ಹೇಳಬಹುದು, ಇನ್ನೊಬ್ಬರು ಬರೆಯಬಹುದು. ಬರೆಯುವವರನ್ನು ಸ್ಕ್ರೈಬ್ ಎನ್ನುತ್ತಾರೆ. ಆಗ ಇದ್ದ ನಿಯಮದ ಪ್ರಕಾರ ಸ್ಕ್ರೈಬ್ ಓದಿದ್ದು ಅಭ್ಯರ್ಥಿಯ ಓದಿಗಿಂತ ಒಂದು ಮೆಟ್ಟಿಲು ಕೆಳಗೆ ಇರಬೇಕಿತ್ತು. ಅವಳದು ಎಂ.ಎ., ನನ್ನದು ಬಿ.ಎ. "ಸರ್ಕಾರ ಅಳತೆ ತೆಗೆದು ಹೊಲಿದ ಹಾಗೆ ಉಂಟು ನೀನು" ಎಂದು ಅವಳು ಕೈ ತಟ್ಟಿ ನಕ್ಕಳು. ನಾನೂ ನಕ್ಕೆ. ಅರ್ಜಿಯಲ್ಲಿ ನನ್ನ ಹೆಸರು, ನನ್ನ ಫೋಟೋ, ನನ್ನ ಸಹಿ ಹೋಯಿತು.

ಅಭ್ಯಾಸದ ಕ್ರಮವನ್ನು ಅವಳೇ ಕಟ್ಟಿದಳು. ಮೊದಲು ನಾನು ಪ್ರಶ್ನೆ ಓದಬೇಕು. ಫೋನಿನಲ್ಲಿ ಎಂಟು ನಿಮಿಷದ ಅಲಾರಂ. ಅವಳು ಹೇಳುತ್ತಾಳೆ, ನಾನು ಬರೆಯುತ್ತೇನೆ: ಪೀಠಿಕೆ, ವಿವರಣೆ, ಒಂದು ಉದಾಹರಣೆ, ಕೊನೆಗೆ 'ಮುಂದಿನ ದಾರಿ'. ಮುಗಿದ ಮೇಲೆ ಬರೆದದ್ದನ್ನು ಓದಿ ಹೇಳಬೇಕು. ಅವಳು "ಹ್ಞೂಂ" ಎಂದರೆ ಆ ಉತ್ತರ ಮುಗಿಯಿತು. ಅದಕ್ಕೆ ಮೊದಲು ಇನ್ನೊಂದು ಕೆಲಸವಿತ್ತು. ಅವಳಿಗೆ ಒಂದೇ ಒಂದು ದೋಷ: ಮಾತಿನ ಭರದಲ್ಲಿ ಪ್ರಶ್ನೆಯ ಎರಡನೇ ಭಾಗ ಮರೆತುಹೋಗುತ್ತಿತ್ತು. ಆದ್ದರಿಂದ ಕೊನೆಗೆ ನಾನು ಪ್ರಶ್ನೆಯನ್ನು ಮತ್ತೊಮ್ಮೆ ಓದಬೇಕು. "ಬಾಲ ಓದು" ಎನ್ನುತ್ತಿದ್ದಳು. ಓದಿದ ಕೂಡಲೇ "ಅಯ್ಯೋ, ಅದು ಬಿಟ್ಟೇ ಹೋಯ್ತು ಮಾರಾಯ್ತಿ" ಎಂದು ಉಳಿದದ್ದನ್ನು ಹೇಳುತ್ತಿದ್ದಳು. ದಿನ ಕಳೆದಂತೆ ಅವಳು ಕೇಳುವುದನ್ನೇ ಬಿಟ್ಟಳು, ನಾನೇ ಓದುತ್ತಿದ್ದೆ.

ಪ್ರತಿ ಭಾನುವಾರ ಬೆಳಿಗ್ಗೆ ಸೆಂಟರಿನಲ್ಲಿ ಟೆಸ್ಟ್. ಆಫೀಸ್ ಕೋಣೆಯಲ್ಲಿ ಕುಳಿತು ನಾನು ಅವಳದನ್ನು ಬರೆಯುತ್ತಿದ್ದೆ. ನನ್ನದನ್ನು ಬರೆಯಲು ಸಮಯ ಉಳಿಯುತ್ತಿರಲಿಲ್ಲ. ಮುಂದಿನ ವರ್ಷಕ್ಕೆ ನನಗೂ ಅಭ್ಯಾಸ ಬೇಕಲ್ಲ ಎಂದು ಸರ್ ದಯೆ ತೋರಿಸಿದರು: "ನೀವು ಅದೇ ಪೇಪರನ್ನು ಮಧ್ಯಾಹ್ನ ಮನೆಯಲ್ಲಿ ಬರೆದು ಸಂಜೆ ತಂದುಕೊಡಿ, ನಂಬಿಕೆ ಉಂಟು." ಸರ್ ನಂಬಿದ್ದೇ ತಪ್ಪಾಯಿತು. ಬೆಳಿಗ್ಗೆ ಮೂರು ಗಂಟೆಗಳ ಕಾಲ ಅವಳ ಉತ್ತರ ನನ್ನ ಕೈಯಿಂದಲೇ ಇಳಿದಿರುತ್ತಿತ್ತು. ಮಧ್ಯಾಹ್ನ ಅದೇ ಪ್ರಶ್ನೆಯ ಮುಂದೆ ಕುಳಿತರೆ ನನ್ನ ತಲೆಯಲ್ಲಿ ಬೇರೆ ಎಂತ ಇರಲು ಸಾಧ್ಯ? ಮೊದಲ ಸಲ ಒಂದು ಅಂಶ ಮಾತ್ರ ತೆಗೆದುಕೊಂಡೆ. ಅಂಗವಿಕಲರ ಗುರುತಿನ ಚೀಟಿಗೆ ಅರ್ಜಿ ಹಾಕುವ ಕಚೇರಿ ಮೂರನೇ ಮಹಡಿಯಲ್ಲಿದ್ದರೆ ಆ ಚೀಟಿ ಯಾರಿಗೆ ಎಂದು ಅವಳು ಕೇಳಿದ್ದಳು. ಅದನ್ನು ನಾನೂ ಕೇಳಿದೆ.

ಸರ್ ಅದನ್ನು ಗಮನಿಸಿದರು. ಗಮನಿಸಿ ಅವಳನ್ನು ಕರೆದರು, ನನ್ನನ್ನಲ್ಲ. "ನಿಮ್ಮ ಉತ್ತರ, ನಿಮ್ಮ ಸ್ಕ್ರೈಬಿನ ಉತ್ತರ ಒಂದೇ ತರ ಉಂಟು. ಅವರು ಹೇಳಿಕೊಡುವುದು, ನೀವು ಒಪ್ಪಿಕೊಳ್ಳುವುದು ಬೇಡ. ಮೇನ್ಸಿನಲ್ಲಿ ಅದು ನಡೆಯುವುದಿಲ್ಲ. ಸ್ವಂತ ಯೋಚನೆ ಮಾಡಿ" ಎಂದರು.

ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಕಣ್ಣು ಕಾಣದವಳನ್ನು ಕಣ್ಣಿದ್ದವಳು ಹೊತ್ತುಕೊಂಡು ಹೋಗುತ್ತಿದ್ದಾಳೆ ಎಂದೇ ಅವರು ತಿಳಿದಿದ್ದರು. ತಿದ್ದಲು ಒಂದು ವಾಕ್ಯ ಸಾಕಿತ್ತು. ಅವಳು ನನ್ನ ಕಡೆ ಮುಖ ತಿರುಗಿಸಿ ಆ ವಾಕ್ಯಕ್ಕೆ ಕಾದಳು. ನಾನು ಬ್ಯಾಗಿನ ಜಿಪ್ ಹಾಕಿದೆ. ಅವತ್ತು ಬಸ್ ಸ್ಟಾಪಿಗೆ ನಡೆಯುವಾಗ ಚರಂಡಿಯ ಮೇಲಿನ ಮುರಿದ ಚಪ್ಪಡಿ ಬಂತು. ದಿನಾ "ಮೆಟ್ಟಿಲು" ಎಂದು ಹೇಳುವ ಜಾಗ. ಅವತ್ತು ಹೇಳಲಿಲ್ಲ. ಅವಳ ಮೊಣಕಾಲು ಚರ್ಮ ಹೋಗಿ ರಕ್ತ ಬಂತು, "ಅಯ್ಯೋ" ಎಂದು ನಾನೇ ಒರೆಸಿದೆ. ಅವಳ ಮೇಲೆ ನನಗೆ ಯಾಕೆ ಸಿಟ್ಟು ಬಂದಿತ್ತು ಎಂದು ಕೇಳಬೇಡಿ. ತಪ್ಪು ಮಾಡಿದವರಿಗೇ ಸಿಟ್ಟು ಮೊದಲು ಬರುವುದು.

ಎರಡು ಪೇಪರಿನಲ್ಲಿ ಒಂದೇ ಅಂಶ ಇರಬಾರದು ಎಂದಾದ ಮೇಲೆ ಇದ್ದದ್ದು ಎರಡೇ ದಾರಿ. ನಾನು ಕದಿಯುವುದನ್ನು ಬಿಡಬೇಕು, ಇಲ್ಲವೇ ಅವಳದರಲ್ಲಿ ಅದನ್ನು ಬರೆಯುವುದನ್ನು ಬಿಡಬೇಕು. ಎರಡನೆಯದು ಸುಲಭವಿತ್ತು. ಅವಳು ಒಳ್ಳೆಯ ಉದಾಹರಣೆ ಹೇಳಿದ ಕೂಡಲೇ ಅದರ ಜಾಗದಲ್ಲಿ "ಸರ್ಕಾರ ಹಲವು ಕ್ರಮ ಕೈಗೊಂಡಿದೆ" ಎಂಬಂಥ ಒಂದು ಸಾಲು ಬರೆಯುತ್ತಿದ್ದೆ. ಪೆನ್ನಿನ ಸದ್ದು ನಿಲ್ಲಬಾರದು, ಅವಳ ಕಿವಿ ಚುರುಕು. ಓದಿ ಹೇಳು ಎಂದಾಗ ಬರೆದದ್ದನ್ನಲ್ಲ, ಅವಳು ಹೇಳಿದ್ದನ್ನೇ ನೆನಪಿನಿಂದ ಹೇಳುತ್ತಿದ್ದೆ. ಅವಳು "ಹ್ಞೂಂ" ಎನ್ನುತ್ತಿದ್ದಳು. ಅವಳ ಫೋನ್ ಅಚ್ಚಿನ ಅಕ್ಷರ ಓದುತ್ತಿತ್ತು, ನನ್ನ ಕೈಬರಹವನ್ನಲ್ಲ.

ಅವಳ ಅಂಕ ಇಳಿಯತೊಡಗಿತು. ಬಸ್ಸಿನಲ್ಲಿ ಕಂಡಕ್ಟರಿಗೆ ಉತ್ತರ ಕೊಡುವುದು ನಿಂತಿತು. ಇನ್ನೇನು ಮೇನ್ಸ್ ಹತ್ತಿರ ಬಂತು ಎನ್ನುವಾಗ ಒಂದು ದಿನ, "ನಂದು ಎಂತ ಕಮ್ಮಿ ಆಗ್ತಾ ಉಂಟು? ನೀನು ಓದುವವಳಲ್ಲವಾ, ನಿಜ ಹೇಳು" ಎಂದು ಕೇಳಿದಳು. ಈ ಪರೀಕ್ಷೆ ಹೋದರೆ ಮನೆಯವರು ಇನ್ನು ಕಾಯುವುದಿಲ್ಲ, ಯಾರೋ ದೂರದ ಸಂಬಂಧಿಕನಿಗೆ ಎರಡನೇ ಹೆಂಡತಿಯಾಗಿ ಕೊಡುವ ಮಾತು ಉಂಟು ಎಂದೂ ಹೇಳಿದಳು.

"ಉದಾಹರಣೆ ಕಮ್ಮಿ ಉಂಟು" ಎಂದೆ.

ಆ ಭಾನುವಾರ ವನ್ಯಜೀವಿ ಅಪರಾಧದ ಪ್ರಶ್ನೆ ಬಂತು. ಅವಳು ತನ್ನ ಬೀದಿಯ ಕಥೆ ಹೇಳಿದಳು. ಅಲ್ಲಿನ ಮೀನುಗಾರನೊಬ್ಬನಿಗೆ ದಡದಲ್ಲಿ ಮೇಣದಂಥ ಒಂದು ಗಡ್ಡೆ ಸಿಕ್ಕಿತ್ತು. ತಿಮಿಂಗಿಲದ ವಾಂತಿ, ಚಿನ್ನಕ್ಕಿಂತ ಹೆಚ್ಚು ಬೆಲೆ ಎಂದು ಯಾರೋ ಕಿವಿಯೂದಿದರು. ಚೀಲದಲ್ಲಿ ಹಾಕಿಕೊಂಡು ಒಂದು ಲಾಡ್ಜಿಗೆ ಹೋದ. ಕೊಳ್ಳಲು ಬಂದವರು ಪೊಲೀಸರಾಗಿದ್ದರು. ಕಿವಿಯೂದಿದವನು ಲಾಡ್ಜಿನ ಹತ್ತಿರವೂ ಸುಳಿದಿರಲಿಲ್ಲ. "ಬರೆದುಕೋ," ಎಂದಳು. "ಅವನ ಹೆಂಡತಿ ಠಾಣೆಯಲ್ಲಿ ಕೇಳಿದ್ದು: ಸಮುದ್ರ ತಂದು ಕಾಲಬುಡದಲ್ಲಿ ಇಟ್ಟದ್ದು ಕಳ್ಳಮಾಲು ಹೇಗೆ ಆಗ್ತದೆ? ಈ ಹೆಂಗಸಿಗೆ ಉತ್ತರ ಹೇಳಲಾಗದ ಕಾನೂನು ತಿಮಿಂಗಿಲವನ್ನು ಉಳಿಸಲಾರದು." ಆಮೇಲೆ ಮುಂದಿನ ದಾರಿ: ಎಚ್ಚರಿಕೆಯನ್ನು ಇಂಗ್ಲಿಷ್ ಬೋರ್ಡಿನಲ್ಲಿ ಬರೆಯುವುದಲ್ಲ, ಮೀನು ಇಳಿಸುವ ದಕ್ಕೆಯಲ್ಲಿ ತುಳು, ಬ್ಯಾರಿ ಮಾತಿನಲ್ಲಿ ಹೇಳಬೇಕು, ಸಿಕ್ಕಿದ್ದನ್ನು ತಂದೊಪ್ಪಿಸಿದವನನ್ನು ಬಿಡಬೇಕು, ಬೆಲೆ ಕಟ್ಟಿದವನನ್ನು ಹಿಡಿಯಬೇಕು.

ಅವಳ ಹಾಳೆಯಲ್ಲಿ ಕಾಯ್ದೆಯ ಹೆಸರು, ಆನೆಯ ದಂತ, ಹುಲಿಯ ಉಗುರು ಎಂದು ಬರೆದೆ.

ಮುಂದಿನ ಭಾನುವಾರ ಸರ್ ಕ್ಲಾಸಿನ ಮುಂದೆ ನಿಂತು ನನ್ನ ಉತ್ತರವನ್ನು ಗಟ್ಟಿಯಾಗಿ ಓದಿದರು. ಇಷ್ಟು ವರ್ಷದಲ್ಲಿ ಇಂಥ ಉತ್ತರ ನೋಡಿಲ್ಲ ಎಂದರು. ಅವಳು ನನ್ನ ಪಕ್ಕದಲ್ಲಿ ಕುಳಿತಿದ್ದಳು. ಲಾಡ್ಜ್ ಎಂಬ ಮಾತು ಬಂದಾಗ ಅವಳ ಬೆರಳು ಡೆಸ್ಕಿನ ಮೇಲೆ ನಿಂತಿತು. ಓದಿ ಮುಗಿಸಿ ಸರ್ ಅವಳ ಕಡೆ ತಿರುಗಿ, "ನೋಡಿ, ಉಳ್ಳಾಲದವರು ನೀವು. ಉಳ್ಳಾಲದ ಉದಾಹರಣೆ ಕೊಟ್ಟದ್ದು ಜೆಪ್ಪುವಿನವರು. ನೀವು ಆನೆ, ಹುಲಿ ಎಂದು ಬರೆದಿದ್ದೀರಿ" ಎಂದರು. ಕ್ಲಾಸು ನಕ್ಕಿತು.

"ತುಂಬಾ ಒಳ್ಳೆ ಉಂಟು ಸರ್," ಎಂದಳು ಅವಳು. "ಇನ್ನೊಂದು ಸಲ ಓದ್ತೀರಾ?"

ಅವರು ಖುಷಿಯಿಂದ ಇನ್ನೊಂದು ಸಲ ಓದಿದರು. ಅಷ್ಟೂ ಹೊತ್ತು ಅವಳ ಮುಖ ನನ್ನ ಕಡೆಗಿತ್ತು. ಆಮೇಲೆ ದಿನದಂತೆ ನನ್ನ ಮೊಣಕೈ ಹಿಡಿದು ಬಸ್ ಸ್ಟಾಪಿಗೆ ನಡೆದಳು, ದಿನದಂತೆ ಬಸ್ ಹತ್ತಿದಳು. ಒಂದು ಮಾತು ಆಡಲಿಲ್ಲ. ಬೈದಿದ್ದರೆ ನನಗೆ ಊಟ ಸೇರುತ್ತಿತ್ತು.

ಗುರುವಾರ ಫೋನ್ ಬಂತು. "ನಾಳೆ ಮನೆಗೆ ಬಾ. ಅಂಗವಿಕಲರ ಕಲ್ಯಾಣದ ಪ್ರಶ್ನೆ ಬಾಕಿ ಉಂಟಲ್ಲ." ಹೋದೆ. ಅವಳ ಉಮ್ಮ ಚಾ, ಬಿಸ್ಕೂಟು ತಂದಿಟ್ಟು "ತಿನ್ನು ಮಗಾ, ನಮ್ಮವಳಿಗೆ ನೀನೇ ಕಣ್ಣು" ಎಂದರು. ರಜೆಯಲ್ಲಿ ಬಂದಿದ್ದ ಅಣ್ಣ ಸೋಫಾದಲ್ಲಿ ಕುಳಿತಿದ್ದ. ಅವನ ಮಡಿಲಲ್ಲಿ ಒಂದು ಫೈಲ್. ನಾನು ಬರೆದ ಅವಳ ಎಲ್ಲ ಪೇಪರುಗಳೂ ಅದರಲ್ಲಿದ್ದವು. ಅದನ್ನು ನೋಡಿದ ಕೂಡಲೇ ನನಗೆ ಗೊತ್ತಾಯಿತು, ಆದರೆ ಅಷ್ಟರಲ್ಲಿ ಚಾ ಕೈಯಲ್ಲಿತ್ತು.

ಪ್ರಶ್ನೆಯನ್ನು ಅವಳೇ ಹೇಳಿದಳು: "ಅಂಗವಿಕಲರ ಕಲ್ಯಾಣ ಯೋಜನೆಗಳು ಅವರಿಗೆ ತಲುಪದಿರಲು ಕಾರಣವೇನು? ಉದಾಹರಣೆಯೊಂದಿಗೆ ವಿವರಿಸಿ. ಅಲಾರಂ ಇಡು. ಪೀಠಿಕೆ."

ನಾನು ಬರೆದೆ.

"ನಮ್ಮಲ್ಲಿ ಕಾನೂನಿಗೆ ಕೊರತೆ ಇಲ್ಲ. ಆದರೆ ಕಾನೂನಿಗೂ ಅಂಗವಿಕಲರಿಗೂ ನಡುವೆ ಯಾವಾಗಲೂ ಒಬ್ಬ ಮನುಷ್ಯ ನಿಂತಿರುತ್ತಾನೆ. ಅರ್ಜಿ ತುಂಬಿಸುವವನು, ಸಹಿ ಹಾಕುವವನು, ಕೈ ಹಿಡಿದು ನಡೆಸುವವನು. ಯೋಜನೆ ತಲುಪುವುದು ಅವನಿಗೆ. ಇನ್ನು ಉದಾಹರಣೆ. ಮಂಗಳೂರಿನ ಒಬ್ಬ ಸ್ಕ್ರೈಬ್, ಅಭ್ಯರ್ಥಿ ಹೇಳಿದ ಒಳ್ಳೆಯ ಅಂಶಗಳನ್ನು ಬೆಳಿಗ್ಗೆ ಬಿಟ್ಟು ಬರೆದು, ಮಧ್ಯಾಹ್ನ ತನ್ನ ಉತ್ತರದಲ್ಲಿ ಬರೆದುಕೊಳ್ಳುತ್ತಿದ್ದಳು. ಓದು ಎಂದರೆ ಹಾಳೆಯಲ್ಲಿ ಇಲ್ಲದ್ದನ್ನೂ ಓದುತ್ತಿದ್ದಳು. ಹೀಗೆ ಒಟ್ಟು ಹನ್ನೊಂದು ಉತ್ತರ. ಹನ್ನೊಂದರ ಕೆಳಗೆ ಗೆರೆ ಎಳಿ."

ಎಳೆದೆ.

"ಕದ್ದದ್ದಕ್ಕಿಂತ ದೊಡ್ಡ ನಷ್ಟ ಬೇರೆ. ನನಗೆ ಬುದ್ಧಿ ಕಮ್ಮಿಯಾಗಿದೆ ಎಂದು ಅಭ್ಯರ್ಥಿ ಎರಡು ತಿಂಗಳು ನಂಬಿದಳು. ಮುಂದಿನ ದಾರಿ: ಇಲ್ಲ. ಸ್ಕ್ರೈಬಿನ ಹೆಸರು ಆಯೋಗಕ್ಕೆ ಹೋಗಿದೆ, ಬದಲಿಸುವ ದಿನ ಕಳೆದಿದೆ. ಓದು."

ಓದಿದೆ. ಒಂದೆರಡು ಕಡೆ ಮೆಲ್ಲಗೆ ಓದಿದೆ, ಅವಳು "ಗಟ್ಟಿ" ಎಂದಳು. ಓದಿ ಮುಗಿಸುವಾಗ ಉಮ್ಮ ಬಾಗಿಲಲ್ಲಿ ನಿಂತಿದ್ದರು. ಅರ್ಧ ಕುಡಿದ ಚಾದ ಲೋಟವನ್ನು ನನ್ನ ಮುಂದಿನಿಂದ ಎತ್ತಿಕೊಂಡು ಒಳಗೆ ಹೋದರು. ಗೆಳತಿ ಅಣ್ಣನಿಗೆ ಬ್ಯಾರಿಯಲ್ಲಿ ಏನೋ ಹೇಳಿದಳು. ಅವನು ಹಾಳೆ ತೆಗೆದುಕೊಂಡು ಬೆರಳಿಟ್ಟು ಓದಿ, "ಸರಿ ಉಂಟು, ಓದಿದ್ದೇ ಬರೆದಿದ್ದಾಳೆ" ಎಂದ.

"ಇನ್ನು ಮೇಲೆ ನಾನು ಹೇಳಿದ್ದು ಮಾತ್ರ," ಎಂದಳು ಅವಳು. "ಒಂದು ಅಕ್ಷರ ಹೆಚ್ಚು ಬೇಡ, ಕಮ್ಮಿ ಬೇಡ. ನಾನು ಕೇಳದೆ ನೀನು ಬಾಯಿ ತೆರೆಯುವುದು ಬೇಡ. ನನಗೆ ನಿನ್ನ ಕೈ ಸಾಕು."

ಮೇನ್ಸಿಗೆ ಮೂವರೂ ಬೆಂಗಳೂರಿಗೆ ಹೋದೆವು. ಅಣ್ಣ ನಮ್ಮಿಬ್ಬರ ನಡುವಿನ ಸೀಟಿನಲ್ಲಿ. ಪರೀಕ್ಷೆಗೆ ನಮಗೊಂದು ಬೇರೆ ಕೋಣೆ, ಬಾಗಿಲ ಹತ್ತಿರ ಒಬ್ಬ ಮೇಲ್ವಿಚಾರಕಿ. ಅವಳು ಹೇಳಿದಳು, ನಾನು ಬರೆದೆ, ಓದಿ ಹೇಳಿದೆ, ಅವಳು ಹ್ಞೂಂ ಎಂದಳು. ನನ್ನ ಜೀವನದಲ್ಲಿ ಅಷ್ಟು ಪ್ರಾಮಾಣಿಕವಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ. ಕಮಾ ಎಲ್ಲಿ ಎಂದು ಕೂಡ ಅವಳೇ ಹೇಳುತ್ತಿದ್ದಳು.

ಮೂರನೇ ದಿನ, ಕೊನೆಯ ಪೇಪರಿನಲ್ಲಿ ಆ ಪ್ರಶ್ನೆ ಇತ್ತು. ವನ್ಯಜೀವಿ ಅಪರಾಧಗಳ ಸ್ವರೂಪವನ್ನು ವಿವರಿಸಿ. ಕರಾವಳಿ ಜಿಲ್ಲೆಯೊಂದರ ಅಧಿಕಾರಿಯಾಗಿ ನೀವು ಕೈಗೊಳ್ಳುವ ಕ್ರಮಗಳನ್ನು ತಿಳಿಸಿ. ನಾನು ಪೂರ್ತಿ ಓದಿದೆ. ಅವಳ ಮುಖ ಅರಳಿತು. ಬಹಳ ದಿನಗಳ ನಂತರ ನೋಡಿದ ಮುಖ ಅದು. ಗಡ್ಡೆ, ಚೀಲ, ಲಾಡ್ಜ್, ಠಾಣೆಯಲ್ಲಿ ನಿಂತ ಹೆಂಗಸು, ಎಲ್ಲವನ್ನೂ ಹಿಂದಿಗಿಂತ ಚೆನ್ನಾಗಿ ಹೇಳಿದಳು. ಬಾಗಿಲ ಹತ್ತಿರದ ಮೇಲ್ವಿಚಾರಕಿ ಕೂಡ ಕಿವಿಗೊಟ್ಟಿದ್ದರು. 'ಈ ಹೆಂಗಸಿಗೆ ಉತ್ತರ ಹೇಳಲಾಗದ ಕಾನೂನು ತಿಮಿಂಗಿಲವನ್ನು ಉಳಿಸಲಾರದು' ಎಂಬಲ್ಲಿ ನಿಲ್ಲಿಸಿದಳು. ತನ್ನದು ತನಗೆ ಮರಳಿ ಸಿಕ್ಕಿತು ಎಂಬ ನೆಮ್ಮದಿಯಲ್ಲಿ ಬೆನ್ನನ್ನು ಕುರ್ಚಿಗೆ ಒರಗಿಸಿದಳು.

ಅಧಿಕಾರಿ ಕೈಗೊಳ್ಳುವ ಕ್ರಮ ಬಾಕಿ ಇತ್ತು. ಅರ್ಧ ಪ್ರಶ್ನೆ. ದಕ್ಕೆ, ತುಳು, ಬ್ಯಾರಿ, ಬೆಲೆ ಕಟ್ಟಿದವನು, ಎಲ್ಲ ನನಗೆ ಬಾಯಿಪಾಠವಿತ್ತು. ನಾನು ಉತ್ತರ ಹೇಳಿಕೊಡಬೇಕಾಗಿರಲಿಲ್ಲ, ಅದು ತಪ್ಪು. ಪ್ರಶ್ನೆಯನ್ನು ಇನ್ನೊಂದು ಸಲ ಓದಿದ್ದರೆ ಸಾಕಿತ್ತು, ಅದು ಸ್ಕ್ರೈಬಿನ ಕೆಲಸವೇ.

ನಾನು ಉತ್ತರವನ್ನು ಮಾತ್ರ ಓದಿ ಹೇಳಿದೆ.

"ಹ್ಞೂಂ," ಎಂದಳು. "ಮುಂದಿನದು."

ಪುಟ ತಿರುಗಿಸಿದೆ. ಆ ಕ್ಷಣ ನನಗೆ ಸಂತೋಷವಾಯಿತು. ಭಯವಾಯಿತು, ಪಾಪಪ್ರಜ್ಞೆ ಕಾಡಿತು ಎಂದೆಲ್ಲ ಬರೆಯಬಹುದು, ಆದರೆ ಆಗ ಆದದ್ದು ಸಂತೋಷ. ಹಲ್ಲಿನಲ್ಲಿ ಸಿಕ್ಕಿದ್ದ ಮುಳ್ಳು ಹೊರಗೆ ಬಂದ ಹಾಗೆ.

ಮರುದಿನ ಬೆಳಗಿನ ರೈಲಿನಲ್ಲಿ ಅಣ್ಣ ಅವಳಿಗೆ ಪ್ರಶ್ನೆಪತ್ರಿಕೆಯನ್ನು ಓದಿ ಹೇಳುತ್ತಿದ್ದ. ನಾನು ಎದುರು ಸೀಟಿನಲ್ಲಿದ್ದೆ. ಆ ಪ್ರಶ್ನೆಯ ಕೊನೆ ಬಂದಾಗ ಅವಳು ಅವನ ಕೈ ಹಿಡಿದು ನಿಲ್ಲಿಸಿದಳು. ಮತ್ತೊಮ್ಮೆ ಓದಿಸಿದಳು. ಆಮೇಲೆ ಮುಖವನ್ನು ನೇರವಾಗಿ ನನ್ನ ಕಡೆಗೆ ಎತ್ತಿದಳು.

"ಬಾಲ ಓದಿದ್ದೀಯಾ?"

"ಮೊದಲು ಓದಿದ್ದೆ."

"ಕೊನೆಗೆ?"

"ನೀನು ಕೇಳಲಿಲ್ಲ."

ಅವಳು "ಹ್ಞೂಂ" ಎಂದಳು. ಉತ್ತರವೊಂದು ಮುಗಿದಾಗ ಹೇಳುತ್ತಿದ್ದ ಅದೇ ಹ್ಞೂಂ. ಮಂಗಳೂರಿನವರೆಗೆ ಮತ್ತೆ ಮಾತಿಲ್ಲ. ಆಮೇಲೂ ಇಲ್ಲ.

ಪಟ್ಟಿ ಬಂದಾಗ ಅದರಲ್ಲಿ ಅವಳ ಹೆಸರು ಇರಲಿಲ್ಲ. ಆ ಒಂದು ಪ್ರಶ್ನೆಯಿಂದಲೇ ಹೋಯಿತು ಎಂದು ಯಾರೂ ಹೇಳಲಾರರು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದೇ ಮಳೆಗಾಲದಲ್ಲಿ ಅವಳ ಮದುವೆಯಾಯಿತು ಎಂದು ಸೆಂಟರಿನ ಯಾರೋ ಹೇಳಿದರು. ಗಂಡನಿಗೆ ಮೊದಲ ಹೆಂಡತಿ ಇದ್ದಾಳೆಯೇ ಎಂದು ನಾನು ಕೇಳಲಿಲ್ಲ.

ಅಮ್ಮನಿಗೆ ಸುದ್ದಿ ಹೇಳಿದೆ. ಅವಳು ಕತ್ತಿ ಕೆಳಗಿಟ್ಟು, "ಅಯ್ಯೋ ಪಾಪ, ಕಣ್ಣು ಕಾಣದ ಹುಡುಗಿ. ನೀನಾದರೂ ಸರಿಯಾಗಿ ಬರೆದುಕೊಟ್ಟಿಯಲ್ಲ?" ಎಂದು ಕೇಳಿದಳು.

"ಒಂದು ಅಕ್ಷರ ಬಿಡದೆ ಬರೆದೆ" ಎಂದೆ.